ಇಪ್ಪತ್ತೇಳು ಷೇರು

ಈ ಊರಿನ ಹೆಸರು ಸೂರ್.
ನಮ್ಮ ಕಡೆ ಸೂರೆಂದರೆ ಮಾಡಿನಂಚು,
ಮಳೆ ಬಂದಾಗ ಹನಿಯುವ ಜಾಗ.
ಇಲ್ಲಿ ಹನಿಯುವುದು ಏಸಿ ಮಾತ್ರ.

ಕಡಲನ್ನು ಕುಡಿಯುವ ನೀರು ಮಾಡುವ ಕಾರ್ಖಾನೆಯಲ್ಲಿ
ನಾನು ಲ್ಯಾಬಿನವನು, ರಾತ್ರಿ ಪಾಳಿ.
ಗಂಟೆಗೊಂದು ಬಾಟಲಿ ತುಂಬಿ
ಉಪ್ಪೆಷ್ಟು, ಬೋರಾನ್ ಎಷ್ಟು, ಬರೆದಿಡುತ್ತೇನೆ.
ನಗುವಾಗ ತುಟಿ ಬಿಚ್ಚುವುದಿಲ್ಲ:
ಪಾವಗಡದ ಬೋರ್‌ವೆಲ್ಲು ನನ್ನ ಹಲ್ಲ ಮೇಲೆ
ಕಂದು ಗೆರೆಯಲ್ಲಿ ಸಹಿ ಹಾಕಿದೆ.

ಹೋದ ವರ್ಷ ಚೀಟಿ ಎತ್ತಿದೆ.
ಚಿನ್ನ ತಗೋ ಎಂದರು, ತುಮಕೂರಲ್ಲಿ ಸೈಟು ತಗೋ ಎಂದರು.
ಬ್ಯಾಂಕಿನ ಬುಸೈನಾ ಅಲ್ ಅರೈಮಿ
ಕಂಪ್ಯೂಟರನ್ನು ನನ್ನತ್ತ ತಿರುಗಿಸಿ ತೋರಿಸಿದಳು,
ಹೆಸರಲ್ಲೇ ತೊರೆ ಹರಿಯುವ ಒಂದು ಕಂಪನಿ.
ಕೀನ್ಯಾದಲ್ಲಿ, ನೇಪಾಳದಲ್ಲಿ, ಬಾಂಗ್ಲಾದಲ್ಲಿ
ನೀರು ಸೋಸಿ ಮಾರುವ ಗೂಡಂಗಡಿ ಇಡುತ್ತದಂತೆ.
ಪುಣ್ಯವೂ ಉಂಟು ಲಾಭವೂ ಉಂಟು ಅನ್ನುವಂಥದೇನನ್ನೋ
ಅರಬಿಯಲ್ಲಿ ಹೇಳಿ
ಇಂಗ್ಲಿಷಲ್ಲಿ ನಾಲ್ಕು ಕಡೆ ರುಜು ಹಾಕಿಸಿದಳು.

ಯಾರಿಗೂ ಹೇಳಲಿಲ್ಲ.
ನಿಂಗಜ್ಜಿ ಬದುಕಿದ್ದರೆ ಅವಳಿಗಂತೂ ಹೇಳುತ್ತಿರಲಿಲ್ಲ.
ಯುಗಾದಿಯಿಂದ ಮೊದಲ ಮಳೆಯವರೆಗೆ
ಮಧುಗಿರಿ ರಸ್ತೆಯ ಹೊಂಗೆ ನೆರಳಲ್ಲಿ ಅವಳ ಅರವಟ್ಟಿಗೆ.
ಎರಡು ಹರವಿ, ಒಂದು ತಾಮ್ರದ ಚೊಂಬು.
ನೀರಿಗೆ ದುಡ್ಡು ಕೇಳಿದ ಬಾಯಲ್ಲಿ ಹುಳ ಬೀಳುತ್ತೆ, ಅನ್ನುತ್ತಿದ್ದಳು.
ಅವಳು ದಣಿದವರಿಗೆಲ್ಲ ಬೊಗಸೆಗೆ ಹುಯ್ದದ್ದು
ಅದೇ ಬೋರ್‌ವೆಲ್ಲಿನ ನೀರು.
ಈಗ ಗೊತ್ತು. ಆಗ ಯಾರಿಗೆ ಗೊತ್ತಿತ್ತು.

ಇಲ್ಲೂ ಅರವಟ್ಟಿಗೆ ಇದೆ, ಸಬೀಲ್ ಅನ್ನುತ್ತಾರೆ.
ತೀರಿಹೋದ ತಂದೆಯ ಹೆಸರಲ್ಲಿ
ಕಾಂಪೌಂಡಿನ ಹೊರಗೊಂದು ಸ್ಟೀಲಿನ ಕೂಲರು,
ಸರಪಳಿಗೆ ಕಟ್ಟಿದ ಲೋಟ.
ರಸ್ತೆ ಗುಡಿಸುವವನು ಕುಡಿಯುತ್ತಾನೆ,
ಸೋರಿದ್ದನ್ನು ಬೆಕ್ಕು.

ಮಾರ್ಚಿಯಲ್ಲಿ ಮೊಬೈಲು ಟಿಣ್ ಎಂದಿತು:
ಲಾಭಾಂಶ, ನಾಲ್ಕು ರಿಯಾಲು ಮುನ್ನೂರು ಬೈಸಾ.
ಜೊತೆಗೇ ಚಹಾ ಕುಡಿಯುತ್ತಿದ್ದ ತೋಫಜ್ಜಲನಿಗೆ ತೋರಿಸಿದೆ.
ಅವನು ಮೆಂಬ್ರೇನು ತೊಳೆಯುವವನು, ಚಾಂದ್‌ಪುರದ ಕಡೆಯವನು.
ಅಂಗೈ ತುಂಬ ರಾಗಿಕಾಳಿನಂಥ ಗಂಟು,
ಅದು ಅವನೂರಿನ ನೀರಿನ ಸಹಿ.
ಕಂಪನಿಯ ಹೆಸರನ್ನು ಎರಡು ಸಲ ಓದಿದ.
ನೀಲಿ ಡಬ್ಬಿಯಾ? ಅಂದ.
ಅಮ್ಮ ಕೊಡಕ್ಕೆ ಎರಡು ಟಾಕಾ ಕೊಟ್ಟು ತರುವುದು ಇದೇ ನೀರು.
ಬೆರಳಲ್ಲೇ ಲೆಕ್ಕ ಹಾಕಿದ:
ಹತ್ತಿರ ಹತ್ತಿರ ಏಳುನೂರು ಕೊಡ.

ನಾಳೆಯೇ ಮಾರಿಬಿಡ್ತೀನಿ, ಅಂದೆ.
ಚಹಾ ಗಂಟಲಲ್ಲೇ ಇತ್ತು.

ಅವನು ನಕ್ಕ. ಅವನ ಹಿಂದಿಯಲ್ಲಿ ಹೇಳಿದ:
ಪುಕ್ಕಟೆ ಕೊಟ್ಟವರೂ ಬಂದಿದ್ದರು.
ಕೈಪಂಪು ನೆಟ್ಟು ಫೋಟೋ ತೆಗೆಸಿಕೊಂಡು ಹೋದರು.
ಆಮೇಲೆ ಇನ್ಯಾರೋ ಬಂದು
ಅದಕ್ಕೆ ಕೆಂಪು ಬಳಿದರು, ವಿಷ ಅಂತ.
ನೀನು ಮಾರಿದರೆ ಇನ್ನೊಬ್ಬ ಕೊಳ್ಳುತ್ತಾನೆ.
ಅವನಿಗೆ ನನ್ನಮ್ಮನ ಹೆಸರು ಗೊತ್ತಿರೋಲ್ಲ.
ನಿನಗೆ ಗೊತ್ತು: ಜೊಹುರಾ.
ಡಬ್ಬಿ ಕೆಟ್ಟರೆ ಹನ್ನೊಂದು ದಿನ ಯಾರೂ ಬರೋದಿಲ್ಲ.
ಹನ್ನೊಂದು ದಿನ ಅವಳು ಕೆಂಪು ಪಂಪಿಗೇ ಹೋಗ್ತಾಳೆ.
ಅದನ್ನ ಕೇಳು.

ವಾರ್ಷಿಕ ಸಭೆ ದುಬೈಯ ಹೋಟೆಲಿನಲ್ಲಿ.
ಬರಲಾಗದವರು ಫಾರಂ ತುಂಬಬಹುದು,
ಪ್ರಶ್ನೆಯಿದ್ದರೆ ಐವತ್ತು ಪದ ಮೀರದಂತೆ.
ಮೊದಲು ಬರೆದದ್ದರಲ್ಲಿ ಅಜ್ಜಿ ಬಂದಳು, ಹೊಡೆದುಹಾಕಿದೆ.
ಎರಡನೆಯದರಲ್ಲಿ ನನಗೇ ಕೋಪ ಬಂತು.
ಕೊನೆಗೆ ಲ್ಯಾಬಿನವನ ಭಾಷೆಯಲ್ಲಿ:
ಫಿಲ್ಟರ್ ಬದಲಿಸಲು ಹನ್ನೊಂದು ದಿನ ಏಕೆ?
ಇಲ್ಲಿ ನಾವು ಹನ್ನೊಂದು ನಿಮಿಷ ನಿಂತರೂ
ಮಸ್ಕತ್ತಿನಿಂದ ಫೋನು ಬರುತ್ತದೆ.
ಹೆಸರು, ಓಬಳೇಶ. ಹಿಡುವಳಿ, ಇಪ್ಪತ್ತೇಳು,
ನಾಲ್ಕು ಕೋಟಿ ಷೇರಿನಲ್ಲಿ.

ಉತ್ತರ ಬಂದಿಲ್ಲ.
ನಾಲ್ಕು ರಿಯಾಲು ಖಾತೆಯಲ್ಲೇ ಇದೆ,
ಅದರ ಮಾತನ್ನು ನಾವಿಬ್ಬರೂ ಎತ್ತುವುದಿಲ್ಲ.

ಆರು ಗಂಟೆಯ ಬಾಟಲಿ ತುಂಬಿದೆ.
ಉಪ್ಪು ಸರಿ, ಬೋರಾನ್ ಸರಿ.
ಉಳಿದದ್ದನ್ನು ಎಂದಿನಂತೆ ತೋಫಜ್ಜಲ ಕುಡಿದ.
ರುಚಿಯೇ ಇಲ್ಲ ನಿಮ್ಮ ನೀರಿಗೆ, ಎಂದು
ಇನ್ನೊಂದು ಲೋಟ ಬಗ್ಗಿಸಿಕೊಂಡ.